ಮೊದಲು ಇನ್ವರ್ಟರ್ ಲೈನ್ ಬರೆಯಿರಿ: ಕೈಯಾರೆ ಕಟ್ಟುವ ಪುಟ್ಟ ವಿಮಾನದ ವೈರಿಂಗ್

ಉಡುಪಿ ಕಡೆ ಹೊಸ ಮನೆ ಕಟ್ಟುವವರನ್ನು ವೈರಿಂಗ್‌ನವರು ಮೊದಲೇ ಕೇಳುವ ಪ್ರಶ್ನೆ ಒಂದಿದೆ. "ಇನ್ವರ್ಟರ್ ಲೈನ್ ಎಲ್ಲೆಲ್ಲಿಗೆ ಬೇಕು?" ಮಳೆಗಾಲದಲ್ಲಿ ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಅಂತ ಯಾರಿಗೂ ಹೇಳಲಿಕ್ಕಾಗುವುದಿಲ್ಲ. ಹಾಗಾಗಿ ಮನೆಯವರೆಲ್ಲ ಕೂತು ಲೆಕ್ಕ ಹಾಕುತ್ತಾರೆ. ಚಾವಡಿಯ ಫ್ಯಾನ್ ಬೇಕು, ಅಡುಗೆಮನೆಗೆ ಒಂದು ಲೈಟ್ ಬೇಕು, ಅಜ್ಜಿಯ ಕೋಣೆಗೆ ಎರಡೂ ಬೇಕು. ಗ್ರೈಂಡರ್ ಬೇಡ, ಗೀಸರ್ ಬೇಡ, ಬಾವಿಯ ಪಂಪ್ ಬೇಡ. ಗೋಡೆಯೊಳಗೆ ಪೈಪ್ ಹಾಕುವ ಮೊದಲೇ ಇದು ತೀರ್ಮಾನ ಆಗಿರಬೇಕು. ಸಾರಣೆ ಆದ ಮೇಲೆ ನೆನಪಾದರೆ ಗೋಡೆ ಒಡೆಯಬೇಕು.

ಪುಟ್ಟ ವಿಮಾನದ ವೈರಿಂಗ್ ಯೋಜನೆಯೂ ಇಲ್ಲಿಂದಲೇ ಶುರುವಾಗಬೇಕು. ಯಾವ ಸ್ವಿಚ್ ಎಲ್ಲಿ, ಯಾವ ಸ್ಕ್ರೀನ್ ಎಷ್ಟು ದೊಡ್ಡದು ಅನ್ನುವುದೆಲ್ಲ ಆಮೇಲೆ. ಮೊದಲು ಕೇಳಬೇಕಾದದ್ದು, ಆಕಾಶದಲ್ಲಿ ಕರೆಂಟು ಹೋದರೆ ಯಾವುದು ಉಳಿಯಬೇಕು, ಎಷ್ಟು ಹೊತ್ತು ಉಳಿಯಬೇಕು?

ನಾನು ಬಹಳ ವರ್ಷ ಬಸ್ಸು, ವ್ಯಾನು, ಮಲ್ಪೆಯ ಬೋಟುಗಳ ವೈರಿಂಗ್ ಮಾಡಿದವನು. ಗೆಳೆಯರೊಬ್ಬರು ಕಟಪಾಡಿ ಹತ್ತಿರದ ಶೆಡ್ಡಿನಲ್ಲಿ ಎರಡು ಸೀಟಿನ ವಿಮಾನ ಜೋಡಿಸಲು ಶುರು ಮಾಡಿದಾಗ ಕರೆಂಟಿನ ಕೆಲಸಕ್ಕೆ ನನ್ನನ್ನು ಕರೆದರು. ಇಂಥ ಕೆಲಸ ನಮ್ಮ ದೇಶದಲ್ಲಿ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಮುಂಬೈಯ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿ, 2017ರಲ್ಲಿ ಅದಕ್ಕೆ ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಇಲಾಖೆ) ನೋಂದಣಿ ಪಡೆದರು. ಡಿಜಿಸಿಎ ಅನುಮತಿಯ ಕೆಲಸ, ರೇಡಿಯೊ ಹಾಕುವುದಾದರೆ ಅದರ ಪರವಾನಗಿಯ ಕೆಲಸ ಎರಡನ್ನೂ ಕಟ್ಟಲು ಶುರು ಮಾಡುವಾಗಲೇ ಶುರು ಮಾಡಬೇಕು. ಅದು ಬೇರೆಯೇ ಕತೆ. ಇಲ್ಲಿ ವೈರಿಂಗ್ ಬಗ್ಗೆ ಮಾತ್ರ ಹೇಳುತ್ತೇನೆ.

ಒಂದು ಕಾಗದ ತೆಗೆದುಕೊಳ್ಳಿ. ಎಡಗಡೆ ಕರೆಂಟು ತಿನ್ನುವ ಪ್ರತಿಯೊಂದು ವಸ್ತುವಿನ ಹೆಸರು, ಅದರ ಎದುರು ಎಷ್ಟು ಆಂಪ್ ಅಂತ ಬರೆಯಿರಿ. ಅಂದಾಜು ಬೇಡ, ತಯಾರಕರ ಪುಸ್ತಿಕೆ ನೋಡಿಯೇ ಬರೆಯಿರಿ. ನಮ್ಮ ಪಟ್ಟಿ ಹೀಗೆ ಬಂತು. ಎದುರಿನ ಸ್ಕ್ರೀನ್‌ಗೆ 2 ಆಂಪ್. ರೇಡಿಯೊ ಸುಮ್ನೆ ಕೇಳಿಸಿಕೊಳ್ಳುವಾಗ ಅರ್ಧ ಆಂಪ್, ಮಾತಾಡುವಾಗ ಅದರ ನಾಲ್ಕೈದು ಪಟ್ಟು. ನೆಲದ ರೇಡಾರ್‌ಗೆ ಉತ್ತರ ಕೊಡುವ ಟ್ರಾನ್ಸ್‌ಪಾಂಡರ್ 1. ಇಂಟರ್‌ಕಾಮ್ 0.2. ರೆಕ್ಕೆ ತುದಿಯ ದೀಪಗಳು ಮತ್ತು ಮಿಂಚುವ ಸ್ಟ್ರೋಬ್ ಸೇರಿ 3. ಲ್ಯಾಂಡಿಂಗ್ ಲೈಟ್ 3. ಹೆಚ್ಚುವರಿ ಪೆಟ್ರೋಲ್ ಪಂಪ್ 2. ಫೋನ್ ಚಾರ್ಜ್ ಮಾಡಲು 2. ಮತ್ತೆ ಎಲ್ಲರೂ ಮರೆಯುವ ಒಂದು, ಮಾಸ್ಟರ್ ಸ್ವಿಚ್ ಹಾಕಿದಾಗ ಬ್ಯಾಟರಿಯನ್ನು ಲೈನಿಗೆ ಸೇರಿಸುವ ದೊಡ್ಡ ರಿಲೇ. ಅದರ ಕಾಯಿಲ್ ಸುಮ್ನೆ ಕೂತೇ 0.8 ಆಂಪ್ ತಿನ್ನುತ್ತದೆ. ಒಟ್ಟು 14.5 ಆಂಪ್.

ಇನ್ನು ಬರುವ ಕಡೆ ನೋಡಿ. ನಮ್ಮದು 100 ಹಾರ್ಸ್‌ಪವರ್‌ನ ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್. ಪುಟ್ಟ ವಿಮಾನಗಳಲ್ಲಿ ಇದರ ಬಳಗವೇ ಜಾಸ್ತಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕಟ್ಟಿದ ಹನ್ಸ ವಿಮಾನಕ್ಕೂ ಇದೇ ಮನೆತನದ ಎಂಜಿನ್. 912ರ ಒಳಗೇ ಇರುವ ಜನರೇಟರ್ ಕೊಡುವುದು ಸುಮಾರು 250 ವ್ಯಾಟ್. ಅಂದರೆ 14 ವೋಲ್ಟ್‌ನಲ್ಲಿ ಹೆಚ್ಚುಕಡಿಮೆ 18 ಆಂಪ್, ಅದೂ ಎಂಜಿನ್ ಜೋರಾಗಿ ಓಡುವಾಗ. ನೆಲದ ಮೇಲೆ ನಿಧಾನಕ್ಕೆ ತಿರುಗುವಾಗ ಇನ್ನೂ ಕಡಿಮೆ. ಅದರಲ್ಲೂ ನಿರಂತರ ಲೋಡ್ 80 ಶೇಕಡಾ ದಾಟಬಾರದು ಅನ್ನುವುದು ಈ ಕೆಲಸದಲ್ಲಿ ಹಳೆಯ ನಿಯಮ. ಸ್ಟಾರ್ಟ್ ಮಾಡಿದ ಮೇಲೆ ಬ್ಯಾಟರಿಯೂ ತುಂಬಬೇಕಲ್ಲ, ಉಳಿದದ್ದು ಅದಕ್ಕೆ. 18ರ 80 ಶೇಕಡಾ ಅಂದರೆ 14.4. ನಮ್ಮ ಪಟ್ಟಿ 14.5!

ಹೀಗೆ ಕಾಗದದ ಮೇಲೇ ಗೆರೆ ದಾಟಿದ್ದು ಗೊತ್ತಾದದ್ದು ಒಳ್ಳೆಯದೇ ಆಯಿತು. ಲ್ಯಾಂಡಿಂಗ್ ಲೈಟ್ ಇಳಿಯುವಾಗ ಮಾತ್ರ, ಹೆಚ್ಚುವರಿ ಪಂಪ್ ಏರುವಾಗ ಮತ್ತು ಇಳಿಯುವಾಗ ಮಾತ್ರ ಅಂತ ಬರೆದುಕೊಂಡೆವು. ವೇಗ ಅಳೆಯಲು ಗಾಳಿ ಹಿಡಿಯುವ ಪಿಟೋ ಕೊಳವೆಯನ್ನು ಬಿಸಿ ಮಾಡುವ ಹೀಟರ್ ಬೇಕೇ ಅಂತ ಗೆಳೆಯರು ಕೇಳಿದ್ದರು. ಅದೊಂದೇ ಎಂಟು ಹತ್ತು ಆಂಪ್ ಬೇಡುತ್ತದೆ. ನಮ್ಮ ಕರಾವಳಿಯಲ್ಲಿ ನೀರು ಹೆಪ್ಪುಗಟ್ಟುವ ಚಳಿ ಸಿಗಬೇಕಾದರೆ ಸುಮಾರು ಐದು ಕಿಲೋಮೀಟರ್ ಮೇಲೆ ಹೋಗಬೇಕು. ಹಗಲಿನಲ್ಲಿ, ಮೋಡದಿಂದ ದೂರ ಹಾರುವ ಈ ವಿಮಾನಕ್ಕೆ ಅದರ ಅಗತ್ಯ ಇಲ್ಲ. ಬಿಟ್ಟೆವು.

ಈಗ ಪಟ್ಟಿಯ ಬಲಗಡೆ ಇನ್ನೊಂದು ಸಾಲು. ಜನರೇಟರ್ ನಿಂತಿತು ಅಂತ ಇಟ್ಟುಕೊಳ್ಳಿ. ಯಾವುದು ಉಳಿಯಬೇಕು? ಇದಕ್ಕೆ ಉತ್ತರ ಎಂಜಿನ್ ಮೇಲೆ ನಿಂತಿದೆ. 912 ಯುಎಲ್‌ಎಸ್‌ನ ಎರಡು ಇಗ್ನಿಷನ್‌ಗಳಿಗೂ ಎಂಜಿನ್ನಿನ ಒಳಗೇ ಬೇರೆ ಕಾಯಿಲ್ ಇದೆ, ಬ್ಯಾಟರಿಯ ಹಂಗಿಲ್ಲ. ಪೆಟ್ರೋಲ್ ಪಂಪ್ ಕೂಡ ಎಂಜಿನ್ನೇ ತಿರುಗಿಸುವಂಥದ್ದು. ಕರೆಂಟು ಪೂರ್ತಿ ಸತ್ತರೂ ಎಂಜಿನ್ ಓಡುತ್ತಲೇ ಇರುತ್ತದೆ. ಅದೇ 912 ಐಎಸ್ ಹಾಗಲ್ಲ. ಅದು ಫ್ಯುಯೆಲ್ ಇಂಜೆಕ್ಷನ್ ಎಂಜಿನ್, ಕರೆಂಟು ಹೋದರೆ ಎಂಜಿನ್ನೂ ಹೋಗುತ್ತದೆ. ಅದಕ್ಕೇ ಅದರೊಳಗೆ ಎರಡು ಜನರೇಟರ್ ಇಟ್ಟಿದ್ದಾರೆ. ಎಂಜಿನ್ನಿನ ಪಾಲಿನದು ಕೆಟ್ಟರೆ ವಿಮಾನದ ಪಾಲಿನದನ್ನು ಎಂಜಿನ್ ತೆಗೆದುಕೊಳ್ಳುತ್ತದೆ, ಉಳಿದದ್ದೆಲ್ಲ ಬ್ಯಾಟರಿ ಮೇಲೆ ನಿಲ್ಲುತ್ತದೆ. ಹಾಗಾಗಿ ಬೇರೆಯವರ ವಿಮಾನದ ನಕ್ಷೆ ತಂದು ಹಾಗೇ ನಕಲು ಮಾಡಬೇಡಿ. ಎಂಜಿನ್ ಬದಲಾದರೆ ಯೋಚನೆಯೇ ಬದಲಾಗುತ್ತದೆ.

ನಮ್ಮ ಉಳಿಯಬೇಕಾದ ಪಟ್ಟಿ ಚಿಕ್ಕದು. ಸ್ಕ್ರೀನ್, ರೇಡಿಯೊ, ಟ್ರಾನ್ಸ್‌ಪಾಂಡರ್, ಇಂಟರ್‌ಕಾಮ್. ಒಟ್ಟು 3.7, ಆಗಾಗ ಮಾತಾಡುವುದೂ ಸೇರಿ 4 ಆಂಪ್ ಅನ್ನಿ. ಬ್ಯಾಟರಿಯ ಮೇಲೆ 16 ಆಂಪ್-ಅವರ್ ಅಂತ ಬರೆದಿದ್ದರೂ, ಎರಡು ವರ್ಷ ಹಳೆಯದಾದ ಮೇಲೆ ನಾನು ನಂಬುವುದು 11 ಮಾತ್ರ. 11ನ್ನು 4ರಿಂದ ಭಾಗಿಸಿದರೆ ಎರಡೂಮುಕ್ಕಾಲು ಗಂಟೆ. ಬೇಗ ಖಾಲಿ ಮಾಡಿದರೆ ಬ್ಯಾಟರಿ ಇನ್ನೂ ಸ್ವಲ್ಪ ಕಡಿಮೆ ಕೊಡುತ್ತದೆ, ಆದ್ದರಿಂದ ಎರಡು ಗಂಟೆ ಅಂತ ಧೈರ್ಯವಾಗಿ ಹೇಳಬಹುದು. ಅದೇ, ಜನರೇಟರ್ ನಿಂತದ್ದು ಪೈಲಟ್‌ಗೆ ಗೊತ್ತೇ ಆಗದೆ 14.5 ಆಂಪ್ ಹಾಗೇ ಎಳೆಯುತ್ತಿದ್ದರೆ? ಲೆಕ್ಕಕ್ಕೆ 45 ನಿಮಿಷ, ನಿಜದಲ್ಲಿ ಅರ್ಧ ಗಂಟೆಯ ಆಚೀಚೆ. ಇದಕ್ಕೇ ಕಡಿಮೆ ವೋಲ್ಟೇಜ್ ತೋರಿಸುವ ಕೆಂಪು ದೀಪ ಕಣ್ಣೆದುರೇ ಇರಬೇಕು. ಜನರೇಟರ್ ಸರಿ ಇದ್ದರೆ ಲೈನಿನಲ್ಲಿ 14ರ ಹತ್ತಿರ ಇರುತ್ತದೆ. ಬರೀ ಬ್ಯಾಟರಿ ಆದರೆ 12.7ರಿಂದ ಕೆಳಗೆ. ದೀಪ 13ಕ್ಕೆ ಹತ್ತಿಕೊಳ್ಳುವಂತೆ ಮಾಡಿ. ಆ ಒಂದು ದೀಪ ಅರ್ಧ ಗಂಟೆಯನ್ನು ಎರಡು ಗಂಟೆ ಮಾಡುತ್ತದೆ.

ಇನ್ನು ಇನ್ವರ್ಟರ್ ಲೈನ್ ಎಳೆಯುವುದು. ವಿಮಾನದವರ ಮಾತಿನಲ್ಲಿ 'ಬಸ್' ಅಂದರೆ ತಾಮ್ರದ ಪಟ್ಟಿ. ನಮ್ಮ ಮನೆಯ ಡಿಬಿ ಬಾಕ್ಸಿನಲ್ಲಿ ಎಂಸಿಬಿಗಳನ್ನು ಸಾಲಾಗಿ ಜೋಡಿಸುವ ಪಟ್ಟಿ ಇದೆಯಲ್ಲ, ಅದೇ. ವಿಮಾನದಲ್ಲಿ ಅಂಥ ಎರಡು ಪಟ್ಟಿ ಇಡುತ್ತೇವೆ. ಒಂದು ಮುಖ್ಯ ಬಸ್, ದೀಪ, ಪಂಪ್, ಚಾರ್ಜರ್ ಎಲ್ಲ ಅದಕ್ಕೆ. ಇನ್ನೊಂದು ಅಗತ್ಯದ ಬಸ್, ಆ 4 ಆಂಪ್‌ನ ವಸ್ತುಗಳು ಮಾತ್ರ. ಮಾಮೂಲಿ ಹೊತ್ತಿನಲ್ಲಿ ಮುಖ್ಯ ಬಸ್‌ನಿಂದ ಅಗತ್ಯದ ಬಸ್‌ಗೆ ಒಂದು ಡಯೋಡ್ ಮೂಲಕ ಕರೆಂಟು ಹೋಗುತ್ತದೆ. ಡಯೋಡ್ ಅಂದರೆ ಬಾವಿ ಪಂಪಿನ ಫುಟ್‌ವಾಲ್ವ್ ಇದ್ದ ಹಾಗೆ. ನೀರು ಮೇಲೆ ಬರಲು ಬಿಡುತ್ತದೆ, ವಾಪಸ್ ಇಳಿಯಲು ಬಿಡುವುದಿಲ್ಲ. ಅಗತ್ಯದ ಬಸ್‌ಗೆ ಇನ್ನೊಂದು ದಾರಿಯೂ ಇದೆ, ಬ್ಯಾಟರಿಯಿಂದ ನೇರವಾಗಿ, ಬೇರೆ ಸ್ವಿಚ್ ಮೂಲಕ. ಕೆಂಪು ದೀಪ ಹತ್ತಿದರೆ ಪೈಲಟ್ ಆ ಸ್ವಿಚ್ ಹಾಕುತ್ತಾನೆ, ಮಾಸ್ಟರ್ ತೆಗೆಯುತ್ತಾನೆ. ದೊಡ್ಡ ರಿಲೇ ಬಿಟ್ಟುಕೊಳ್ಳುತ್ತದೆ, ಅದರ 0.8 ಆಂಪ್ ಉಳಿತಾಯ ಆಗುತ್ತದೆ. ಮುಖ್ಯ ಬಸ್ ಸತ್ತಿತು, ಅಗತ್ಯದ ಬಸ್ ಬದುಕಿದೆ. ಡಯೋಡ್ ಇಲ್ಲದಿದ್ದರೆ ಆ ನೇರ ಲೈನಿನ ಕರೆಂಟು ಹಿಮ್ಮುಖವಾಗಿ ಮುಖ್ಯ ಬಸ್‌ಗೆ ಹರಿದು, ಲ್ಯಾಂಡಿಂಗ್ ಲೈಟನ್ನೂ ಚಾರ್ಜರನ್ನೂ ಸಾಕುತ್ತಿತ್ತು.

ಇಷ್ಟೇ, ಎರಡು ಸ್ವಿಚ್. ಗಾಬರಿಯ ಹೊತ್ತಿನಲ್ಲಿ ಮನುಷ್ಯನಿಗೆ ಎರಡಕ್ಕಿಂತ ಜಾಸ್ತಿ ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೂರು ಬಸ್, ಎರಡು ಬ್ಯಾಟರಿ, ಆರು ರಿಲೇ ಇರುವ ನಕ್ಷೆಗಳನ್ನೂ ನೋಡಿದ್ದೇನೆ. ಒಂದೊಂದು ರಿಲೇ ಕೂಡ ಕೆಡಬಹುದಾದ ಇನ್ನೊಂದು ವಸ್ತುವೇ ಅಲ್ವಾ?

ಜನರೇಟರ್ ನಿಲ್ಲುವುದಕ್ಕಿಂತ ಕೆಟ್ಟದ್ದು ಅದು ಹದ ತಪ್ಪುವುದು. ರೆಗ್ಯುಲೇಟರ್ ಹಾಳಾದರೆ ವೋಲ್ಟೇಜ್ ಏರುತ್ತಲೇ ಹೋಗಿ ಬ್ಯಾಟರಿಯನ್ನು ಕುದಿಸಬಹುದು, ರೇಡಿಯೊ ಸುಡಬಹುದು. 16 ವೋಲ್ಟ್ ದಾಟಿದ ಕೂಡಲೇ ಜನರೇಟರ್ ಲೈನನ್ನು ತಾನೇ ಕಡಿಯುವ ಒಂದು ರಿಲೇ ಬೇಕೇ ಬೇಕು. ರೆಗ್ಯುಲೇಟರ್ ಬಿಸಿಯಾಗುವ ವಸ್ತು, ಅದಕ್ಕೆ ತಂಪು ಗಾಳಿ ತಾಗುವ ಜಾಗ ಕೊಡಿ.

ಫ್ಯೂಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಫ್ಯೂಸ್ ಇರುವುದು ರೇಡಿಯೊ ಉಳಿಸಲು ಅಲ್ಲ, ವೈರ್ ಉಳಿಸಲು. ವೈರ್ ಬೆಂಕಿಯಾಗುವ ಮೊದಲು ಫ್ಯೂಸ್ ಹೋಗಬೇಕು. ಹಾಗಾಗಿ ಫ್ಯೂಸ್ ಇರಬೇಕಾದದ್ದು ಕರೆಂಟು ಹೊರಡುವ ಕಡೆ, ಬಸ್‌ನ ಪಕ್ಕದಲ್ಲೇ. ಗೇಜ್ ಅಂದರೆ ವೈರಿನ ದಪ್ಪದ ಅಳತೆ, ನಂಬರ್ ಇಳಿದಷ್ಟೂ ವೈರ್ ದಪ್ಪ. 22 ಗೇಜ್ ವೈರಿಗೆ 5 ಆಂಪ್, 20 ಗೇಜ್‌ಗೆ 7.5, 18 ಗೇಜ್‌ಗೆ 10. ನಮ್ಮ ಕಾರುಗಳಲ್ಲಿ ಇರುವ ಬ್ಲೇಡ್ ಫ್ಯೂಸೇ ಸಾಕು. ಹಾರುತ್ತಿರುವಾಗ ಪೈಲಟ್ ಫ್ಯೂಸ್ ಬದಲಿಸುವಂತಿರಬಾರದು. ಸುಟ್ಟದ್ದು ಕಾರಣ ಇದ್ದೇ ಸುಟ್ಟಿದೆ. ಅದು ಇಲ್ಲದೆಯೂ ಇಳಿಯಲು ಸಾಧ್ಯ ಆಗುವಂತೆ ಯೋಜನೆ ಇರಬೇಕು.

ವೈರಿನ ದಪ್ಪಕ್ಕೆ ಇನ್ನೊಂದು ಲೆಕ್ಕವೂ ಇದೆ. ದಾರಿಯಲ್ಲಿ ಎಷ್ಟು ವೋಲ್ಟ್ ಸೋರಿಹೋಗುತ್ತದೆ? 14 ವೋಲ್ಟ್ ವ್ಯವಸ್ಥೆಯಲ್ಲಿ ನಿರಂತರ ಲೋಡ್‌ಗೆ ಅರ್ಧ ವೋಲ್ಟ್‌ಗಿಂತ ಜಾಸ್ತಿ ಸೋರಬಾರದು. ರೆಕ್ಕೆಯ ತುದಿಗೆ 5 ಮೀಟರ್ ದೂರ ಅನ್ನಿ. ನಮ್ಮದು ಫೈಬರ್ ರೆಕ್ಕೆ, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಹೋಗಲು 5, ಬರಲು 5, ಒಟ್ಟು 10 ಮೀಟರ್ ವೈರ್. 18 ಗೇಜ್ ತಾಮ್ರಕ್ಕೆ ಮೀಟರಿಗೆ 0.021 ಓಮ್, ಹತ್ತು ಮೀಟರಿಗೆ 0.21. ಹಳೆಯ ನಮೂನೆಯ 5 ಆಂಪ್ ಬಲ್ಬ್ ಹಾಕಿದರೆ 1.05 ವೋಲ್ಟ್ ದಾರಿಯಲ್ಲೇ ಮುಗಿಯಿತು. ಅದನ್ನು ಸರಿ ಮಾಡಲು 14 ಗೇಜ್‌ನ ದಪ್ಪ ವೈರ್ ಬೇಕು, ಅಂದರೆ ತೂಕ. ಅದೇ ಜಾಗದಲ್ಲಿ 2 ಆಂಪ್‌ನ ಎಲ್‌ಇಡಿ ಇಟ್ಟರೆ 18 ಗೇಜ್‌ನಲ್ಲೇ 0.42 ವೋಲ್ಟ್. ದೀಪ ಬದಲಿಸಿದರೆ ವೈರ್ ತೆಳ್ಳಗಾಯಿತು, ಜನರೇಟರ್ ಹೊರೆಯೂ ಇಳಿಯಿತು. 3 ಆಂಪ್ ಆದರೆ ಮಾತ್ರ 0.63, ಗೆರೆ ದಾಟುತ್ತದೆ. ಅದಕ್ಕೇ ನಮ್ಮ ಪಟ್ಟಿಯ 3 ಆಂಪ್ ಲ್ಯಾಂಡಿಂಗ್ ಲೈಟನ್ನು ರೆಕ್ಕೆಯ ತುದಿಯಿಂದ ಮೂಗಿಗೆ ತಂದೆವು. ತೂಕದ ವಿಷಯದಲ್ಲಿ ದೊಡ್ಡ ಕಳ್ಳ ಅಂದರೆ ಸ್ಟಾರ್ಟರ್ ಕೇಬಲ್. ತೂಕ ಸರಿದೂಗಿಸಲು ಬ್ಯಾಟರಿಯನ್ನು ಸೀಟಿನ ಹಿಂದೆ ಇಟ್ಟರೆ ಮೂಗಿನವರೆಗೆ ಆ ದಪ್ಪ ಕೇಬಲ್ ಎಳೆಯಬೇಕು, 4 ಗೇಜ್ ಆದರೆ ಮೀಟರಿಗೆ ಹೆಚ್ಚುಕಡಿಮೆ ಕಾಲು ಕೆಜಿ. ಬ್ಯಾಟರಿಯ ಜಾಗವನ್ನು ಎಲ್ಲಕ್ಕಿಂತ ಮೊದಲು ನಿಶ್ಚಯ ಮಾಡಿ.

ಈಗ ಯಾವ ವೈರ್ ಅನ್ನುವುದು. ಇದರಲ್ಲಿ ನಾನು ಯಾರ ಹತ್ತಿರವೂ ಚೌಕಾಸಿಗೆ ನಿಲ್ಲುವುದಿಲ್ಲ. ಒಮ್ಮೆ ಒಂದು ವ್ಯಾನಿನಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ಮಾಮೂಲಿ ಪಿವಿಸಿ ವೈರ್ ಸುಟ್ಟ ಹೊಗೆ ಕುಡಿದಿದ್ದೇನೆ. ರಬ್ಬರ್ ಗ್ರಾಮೆಟ್ ಹಾಕದ ತೂತಿನ ಅಂಚಿಗೆ ಉಜ್ಜಿ ಉಜ್ಜಿ ವೈರ್ ಬತ್ತಲಾಗಿತ್ತು. ಅರ್ಧ ನಿಮಿಷದಲ್ಲಿ ಕಣ್ಣು ಬಿಡಲಾಗಲಿಲ್ಲ, ಗಂಟಲು ಕಟ್ಟಿತು. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಅದು ತೇವಕ್ಕೆ ತಾಗಿದರೆ ಆ್ಯಸಿಡ್. ನಾನು ಬಾಗಿಲು ತೆಗೆದು ರಸ್ತೆಗೆ ಹಾರಿದೆ. ಸಾವಿರ ಅಡಿ ಮೇಲೆ ಯಾವ ರಸ್ತೆ? ವಿಮಾನಕ್ಕೆ ಟೆಫ್‌ಜೆಲ್ ಹೊದಿಕೆಯ ವೈರ್ ಮಾತ್ರ. 150 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ, ಹೊದಿಕೆ ತೆಳು, ತೂಕ ಕಡಿಮೆ, ಒಳಗಿನ ತಾಮ್ರಕ್ಕೆ ತವರದ ಲೇಪ ಇದೆ.

ಆ ತವರದ ಲೇಪ ನಮ್ಮ ಊರಿಗೆ ಎಷ್ಟು ಮುಖ್ಯ ಅಂತ ಮಲ್ಪೆ ನನಗೆ ಕಲಿಸಿತು. ಬೋಟಿನ ದೀಪ ಹತ್ತುವುದಿಲ್ಲ ಅಂತ ಕರೆಯುತ್ತಾರೆ. ವೈರ್ ಹೊರಗಿನಿಂದ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ತುದಿ ಕತ್ತರಿಸಿ ಹೊದಿಕೆ ಸುಲಿದರೆ ಒಳಗೆ ತಾಮ್ರ ಕಪ್ಪು, ಅಲ್ಲಲ್ಲಿ ಹಸಿರು ಕಿಲುಬು. ಇನ್ನೂ ಒಂದು ಗೇಣು ಸುಲಿದರೂ ಕಪ್ಪೇ. ಉಪ್ಪು ನೀರು ಎಳೆಗಳ ಸಂದಿಯಲ್ಲಿ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರಿರುತ್ತದೆ. ಕಟಪಾಡಿಯ ಶೆಡ್ಡಿನಿಂದ ಸಮುದ್ರ ಎಷ್ಟು ದೂರ? ಸಂಜೆ ಗಾಳಿ ಬೀಸಿದರೆ ಶೆಡ್ಡಿನ ತಗಡಿಗೆ ಅಂಟು ಕೂರುತ್ತದೆ. ಆದ್ದರಿಂದ ತವರ ಹಚ್ಚಿದ ವೈರ್, ತವರ ಹಚ್ಚಿದ ಲಗ್ಗು (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು), ಜೋಡಣೆಯ ಮೇಲೆ ಅಂಟು ಇರುವ ಹೀಟ್‌ಶ್ರಿಂಕ್, ಅಂದರೆ ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ. ಹೊರಗಿನ ದೀಪಕ್ಕೆ ಹೋಗುವ ವೈರನ್ನು ಕನೆಕ್ಟರಿಗಿಂತ ಸ್ವಲ್ಪ ಕೆಳಗೆ ಇಳಿಬಿಟ್ಟು ಮತ್ತೆ ಮೇಲೆ ತನ್ನಿ. ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗಲಿ.

ಲಗ್ಗು ಒತ್ತುವುದು ಈ ಕೆಲಸದಲ್ಲಿ ನನಗೆ ತುಂಬ ಇಷ್ಟದ ಭಾಗ. 20 ಗೇಜ್ ವೈರಿನ ಹೊದಿಕೆ ಸುಲಿದರೆ 19 ಎಳೆ ಕಾಣಬೇಕು. 18 ಕಂಡರೆ ನಿಮ್ಮ ಸ್ಟ್ರಿಪ್ಪರ್ ಒಂದನ್ನು ಕಡಿದಿದೆ, ತುದಿ ಕತ್ತರಿಸಿ ಮತ್ತೆ ಶುರು ಮಾಡಿ. ರ್‍ಯಾಚೆಟ್ ಇರುವ ಕ್ರಿಂಪರ್ ಪೂರ್ತಿ ಒತ್ತುವವರೆಗೆ ಬಾಯಿ ಬಿಡುವುದಿಲ್ಲ. ಒಳ್ಳೆಯ ಲಗ್ಗು ಎರಡು ಕಡೆ ಹಿಡಿಯುತ್ತದೆ, ಒಂದು ಹಿಡಿತ ತಾಮ್ರಕ್ಕೆ, ಇನ್ನೊಂದು ಹೊದಿಕೆಗೆ. ಅದುರುವುದನ್ನು ತಾಳಿಕೊಳ್ಳುವುದು ಆ ಎರಡನೆಯ ಹಿಡಿತ. ಇಲ್ಲಿ ಸೋಲ್ಡರ್ ಹಾಕಬೇಡಿ ಅಂತ ಹೇಳುತ್ತೇನೆ. ಸೋಲ್ಡರ್ ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿಯ ಹಾಗೆ ಗಟ್ಟಿ ಮಾಡುತ್ತದೆ, ಗಟ್ಟಿ ಮುಗಿದು ಮೆತ್ತಗಾಗುವ ಜಾಗದಲ್ಲೇ ಎಂಜಿನ್ನಿನ ಅದುರಾಟಕ್ಕೆ ತುಂಡಾಗುತ್ತದೆ. ಶುರುವಿನಲ್ಲಿ ಹತ್ತು ಮಾದರಿ ಒತ್ತಿ, ಮೀನು ತೂಗುವ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎಳೆದೆವು. 20 ಗೇಜ್ ಆದರೆ 8 ಕೆಜಿ ದಾಟಿದರೂ ಕಳಚಿ ಬರಬಾರದು. ಎರಡು ಬಂದವು. ಕ್ರಿಂಪರಿನ ತಪ್ಪು ಕಂಡಿಗೆ ಹಾಕಿದ್ದೆವು.

ಅರ್ಥ್ ಅನ್ನುವ ಪದದಲ್ಲೇ ಗೊಂದಲ ಇದೆ. ಮನೆಯ ಅರ್ಥಿಂಗ್ ಅಂದರೆ ಹೊಂಡ ತೋಡಿ ಇದ್ದಿಲು, ಉಪ್ಪು ಹಾಕಿ ನೆಲಕ್ಕೆ ಕೊಡುವುದು, ಅದು ಜೀವ ಕಾಯಲು. ವಿಮಾನದಲ್ಲಿ ಅರ್ಥ್ ಅಂದರೆ ಕರೆಂಟು ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುವ ದಾರಿ. ಬೈಕಿನವರು ಹೇಳುವ ಬಾಡಿ ಅರ್ಥ್. ಫೈಬರ್ ವಿಮಾನಕ್ಕೆ ಬಾಡಿ ಅರ್ಥ್ ಇಲ್ಲವೇ ಇಲ್ಲ. ಅಲ್ಯೂಮಿನಿಯಂ ವಿಮಾನದಲ್ಲಿ ದೀಪಕ್ಕೆಲ್ಲ ಬಾಡಿ ಅರ್ಥ್ ನಡೆದೀತು, ರೇಡಿಯೊ ಮತ್ತು ಇಂಟರ್‌ಕಾಮ್‌ಗೆ ಬೇಡ. ಎಂಜಿನ್ ಹಿಂದಿನ ಫೈರ್‌ವಾಲ್‌ನಲ್ಲಿ ಒಂದೇ ಜಾಗಕ್ಕೆ ಎಲ್ಲ ಮೈನಸ್ ತನ್ನಿ. ಬೇರೆ ಬೇರೆ ಜಾಗದಲ್ಲಿ ಕೊಟ್ಟರೆ ಆ ಜಾಗಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟಿ, ಎಂಜಿನ್ ಏರಿಸಿದ ಹಾಗೆಲ್ಲ ಕಿವಿಯಲ್ಲಿ 'ಕುಂಯ್' ಅಂತ ಏರುತ್ತದೆ. ಬಜಪೆ ವಿಮಾನ ನಿಲ್ದಾಣದ ಟವರ್ ಹೇಳಿದ್ದು ಆ ಸದ್ದಿನಲ್ಲಿ ಮುಳುಗಬಾರದು.

ಕಾಂಪಸ್ ಪಕ್ಕ ಹೋಗುವ ವೈರ್ ಬಗ್ಗೆ ತುಂಬ ಜನ ಯೋಚಿಸುವುದೇ ಇಲ್ಲ. ನಮ್ಮ ಕರಾವಳಿಯಲ್ಲಿ ಕಾಂಪಸ್ ಮುಳ್ಳನ್ನು ಎಳೆಯುವ ಭೂಮಿಯ ಕಾಂತಬಲ ಸುಮಾರು 40 ಮೈಕ್ರೋಟೆಸ್ಲಾ. 5 ಆಂಪ್ ಹರಿಯುವ ಒಂಟಿ ವೈರ್ 10 ಸೆಂಟಿಮೀಟರ್ ದೂರದಲ್ಲಿ 10 ಮೈಕ್ರೋಟೆಸ್ಲಾ ಹುಟ್ಟಿಸುತ್ತದೆ. ಅದು ಅಡ್ಡಕ್ಕೆ ಬಿದ್ದರೆ ಮುಳ್ಳು 14 ಡಿಗ್ರಿ ತಿರುಗುತ್ತದೆ. ಆ ಮುಳ್ಳು ನಂಬಿ 100 ಕಿಲೋಮೀಟರ್ ಉತ್ತರಕ್ಕೆ ಹಾರಿದವರು 25 ಕಿಲೋಮೀಟರ್ ಪಕ್ಕದಲ್ಲಿರುತ್ತಾರೆ, ಒಂದೋ ಸಮುದ್ರದ ಮೇಲೆ, ಇಲ್ಲ ಘಟ್ಟದ ಕಡೆ. ಇದಕ್ಕೆ ಮದ್ದು ಸುಲಭ. ಹೋಗುವ ವೈರನ್ನೂ ಬರುವ ವೈರನ್ನೂ ಜಡೆಯ ಹಾಗೆ ಹೊಸೆದು ಒಟ್ಟಿಗೇ ಒಯ್ಯಿರಿ. ಒಂದರ ಬಲವನ್ನು ಇನ್ನೊಂದು ಅಳಿಸಿಬಿಡುತ್ತದೆ.

ವಿಮಾನದ ವೈರ್ ಹೆಚ್ಚಾಗಿ ಬಿಳಿ ಬಣ್ಣದ್ದೇ. ಎರಡೂ ತುದಿಗೆ ನಂಬರ್ ಹಾಕಿ, ಅದೇ ನಂಬರ್ ಪುಸ್ತಕದಲ್ಲಿ ಬರೆಯಿರಿ. ಇವತ್ತು ನೆನಪಿರುತ್ತದೆ, ಮೂರು ವರ್ಷದ ಮೇಲೆ ಇರುವುದಿಲ್ಲ.

ಎಲ್ಲ ಮುಗಿದ ಮೇಲೆ ಮೊದಲ ಸಲ ಬ್ಯಾಟರಿ ಕೊಡುವ ದಿನ ಆತುರ ಬೇಡ. ಎಲ್ಲ ಫ್ಯೂಸ್ ಕಿತ್ತಿಡಿ. ಬ್ಯಾಟರಿಯ ಪ್ಲಸ್ ಮತ್ತು ಲೈನಿನ ನಡುವೆ ಕಾರಿನ 21 ವ್ಯಾಟ್ ಬಲ್ಬ್ ಒಂದನ್ನು ಸೀರೀಸ್‌ನಲ್ಲಿ ಹಾಕಿ. ಎಲ್ಲಾದರೂ ಶಾರ್ಟ್ ಇದ್ದರೆ ಹೊಗೆಯ ಬದಲು ಬಲ್ಬ್ ಪೂರ್ತಿ ಉರಿಯುತ್ತದೆ, ಅಷ್ಟೇ. ನಾವು ಮಾಸ್ಟರ್ ಹಾಕಿದಾಗ ರಿಲೇ ಟಕ್ ಅಂತು, ಬಲ್ಬ್ ಮಂಕಾಗಿ ಕೆಂಪಗೆ ನಿಂತಿತು. ಅದು ರಿಲೇಯ ಪಾಲು, ಸರಿಯಾಗಿಯೇ ಇದೆ. ಆಮೇಲೆ ಒಂದೊಂದೇ ಫ್ಯೂಸ್ ಹಾಕುತ್ತಾ, ಪ್ರತಿಯೊಂದಕ್ಕೂ ಆಂಪ್‌ಮೀಟರ್ ನೋಡಿ, ಮೊದಲ ದಿನದ ಆ ಕಾಗದದ ಅಂಕಿಯ ಪಕ್ಕ ನಿಜವಾದ ಅಂಕಿ ಬರೆದೆವು.

ಕೊನೆಗೆ ಇನ್ನೊಂದು ಪರೀಕ್ಷೆ. ಬ್ಯಾಟರಿ ಪೂರ್ತಿ ತುಂಬಿಸಿ, ಬಲ್ಬ್ ತೆಗೆದು, ಮಾಸ್ಟರ್ ಆಫ್, ಅಗತ್ಯದ ಬಸ್ ಆನ್. ರೇಡಿಯೊ, ಸ್ಕ್ರೀನ್ ಎಲ್ಲ ಓಡುತ್ತಿರಲಿ. ವೋಲ್ಟ್‌ಮೀಟರ್ ಮುಂದೆ ಗಡಿಯಾರ ಇಟ್ಟುಕೊಂಡು 11 ವೋಲ್ಟ್‌ಗೆ ಇಳಿಯುವವರೆಗೆ ಕೂತಿರಿ. ಬಂದ ನಿಮಿಷಗಳನ್ನು ದಿನಾಂಕದ ಜೊತೆ ಬರೆದು ಆ ಸ್ವಿಚ್ಚಿನ ಪಕ್ಕ ಅಂಟಿಸಿ. ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ ಹೇಗೂ ಹಾರುವುದಿಲ್ಲವಲ್ಲ, ಆಗ ಮತ್ತೆ ಅಳೆಯಿರಿ. ಎರಡು ಗಂಟೆಗಿಂತ ಕೆಳಗೆ ಬಂದ ವರ್ಷ ಬ್ಯಾಟರಿ ಬದಲಿಸಿ.